ಗುಜರಿ ಉಕ್ಕಿನಿಂದ ಮೊದಲ ಚಾಕು: ಲಾರಿ ಪ್ಲೇಟಾ, ಹಳೇ ಅರವಾ?

ಹೊಸಬ_ತುಮಕೂರು

ಎಲ್ಲರಿಗೂ ನಮಸ್ಕಾರ. ಅಡುಗೆಮನೆಗೆ ಒಂದು ಚಾಕು ನನ್ನ ಕೈಯಾರೆ ಮಾಡಬೇಕು ಅಂತ ಹಟಕ್ಕೆ ಬಿದ್ದಿದ್ದೇನೆ. ಗುಜರಿ ಅಂಗಡಿಯಿಂದ ಲಾರಿ ಕಮಾನಿನ ಪ್ಲೇಟ್ ತುಂಡು ತಂದಿದ್ದೇನೆ. ಒಂದಡಿ ಉದ್ದ ಇದೆ, ದಪ್ಪ 12 ಮಿಲಿಮೀಟರ್. ಲೇತ್ ಅಂಗಡಿಯವರು ಪಕ್ಕಕ್ಕೆ ಎಸೆದಿದ್ದ ಹಳೇ ಅರಗಳೂ (ಲೋಹ ಉಜ್ಜುವ ಫೈಲ್) ಸಿಕ್ಕಿವೆ. ನನ್ನ ಹತ್ತಿರ ನಾಲ್ಕಿಂಚಿನ ಗ್ರೈಂಡರ್, ಡ್ರಿಲ್ಲಿಂಗ್ ಮಿಷನ್, ಬೆಂಚ್ ವೈಸ್ ಇವೆ. ಕುಲುಮೆ ಇಲ್ಲ, ಅಡಿಗಲ್ಲೂ ಇಲ್ಲ.

ಯಾವುದರಿಂದ ಶುರು ಮಾಡಲಿ? ರೈಲು ಹಳಿಗೆ ಹಾಕುವ ಕ್ಲಿಪ್ಪು ಇನ್ನೂ ಚೆನ್ನಾಗಿರುತ್ತದೆ ಅಂತ ಗೆಳೆಯನೊಬ್ಬ ಹೇಳಿದ. ತಂದುಕೊಡುತ್ತೇನೆ ಅಂತಲೂ ಅಂದ. ಅದು ಹೇಗೆ?

ಕುಲುಮೆ_ಮನೆ

ನಮ್ಮಪ್ಪನದು ಕುಲುಮೆ, ಸಾಗರದ ಕಡೆ. ನಮ್ಮಲ್ಲಿ ತಯಾರಾಗುವ ಕತ್ತಿ, ಕುಡುಗೋಲು, ಮಚ್ಚು ಎಲ್ಲ ಹೆಚ್ಚುಕಮ್ಮಿ ಲಾರಿ ಪ್ಲೇಟಿನವೇ. ಹಾಗಾಗಿ ಉಕ್ಕಿನ ಬಗ್ಗೆ ತಕರಾರಿಲ್ಲ. ತಕರಾರಿರುವುದು ದಪ್ಪದ ಬಗ್ಗೆ. ತರಕಾರಿ ಚಾಕುವಿನ ಬೆನ್ನು 2 ಮಿಲಿಮೀಟರ್ ಇದ್ದರೆ ಸಾಕು. 12 ಮಿಲಿಮೀಟರನ್ನು ಗ್ರೈಂಡರಿನಲ್ಲಿ ಅಲ್ಲಿಗೆ ಇಳಿಸುತ್ತೀರಾ? ಮುಕ್ಕಾಲು ಪಾಲು ಉಕ್ಕು ಪುಡಿಯಾಗಿ ಗಾಳಿಗೆ ಹೋಗುತ್ತದೆ. ಡಿಸ್ಕಿನ ಖರ್ಚಿನಲ್ಲಿ ಅಂಗಡಿಯಿಂದ ಒಳ್ಳೇ ಚಾಕುವೇ ಬಂದೀತು.

ಅಪ್ಪ ಪ್ಲೇಟನ್ನು ಕಿತ್ತಳೆ ಬಣ್ಣಕ್ಕೆ ಕಾಯಿಸಿ, ಮೇಲೆ ಉಳಿ ಇಟ್ಟು, ಸಮ್ಮಟಿಗೆಯಲ್ಲಿ ಹೊಡೆಸಿ ಸೀಳುತ್ತಾರೆ. ಆಮೇಲೆ ತಟ್ಟಿ ತಟ್ಟಿ ತೆಳು ಮಾಡುತ್ತಾರೆ. ಸಮ್ಮಟಿಗೆ ಹೊಡೆಯಲು ಇನ್ನೊಬ್ಬರು ಬೇಕೇ ಬೇಕು. ಒಬ್ಬರೇ ಮನೆ ಹಿತ್ತಲಲ್ಲಿ ಮಾಡುವ ಕೆಲಸ ಅದಲ್ಲ. ನೀವು ಅರ ಹಿಡಿಯಿರಿ.

ಪೀಣ್ಯ_ಸೆಕೆಂಡ್_ಶಿಫ್ಟ್

ಮೊದಲು ರೈಲ್ವೆ ಕ್ಲಿಪ್ಪಿನ ವಿಷಯ ಮುಗಿಸಿಬಿಡೋಣ. ಅದು ಸ್ಪ್ರಿಂಗ್ ಉಕ್ಕು ಹೌದು. ಆದರೆ ಗೆಳೆಯರು ಎಲ್ಲಿಂದ ತರುತ್ತಾರೆ? ಹಳಿ ಜರುಗದ ಹಾಗೆ ಹಿಡಿದಿರುವುದೇ ಆ ಕ್ಲಿಪ್ಪು. ಸುಮ್ನೆ ಹತ್ತಿರ ಇಟ್ಟುಕೊಂಡಿದ್ದು ಸಿಕ್ಕಿದರೂ ರೈಲ್ವೆ ಆಸ್ತಿ ಕಾಯ್ದೆ, 1966ರ ಕೆಳಗೆ ಕೇಸು ಬೀಳುತ್ತದೆ. ಮುಟ್ಟಬೇಡಿ.

ಈಗ ಉಕ್ಕಿನ ವಿಷಯ. ಚಾಕು ಗಟ್ಟಿಯಾಗುವುದು ಇಂಗಾಲದಿಂದ. ಮನೆ ಕಟ್ಟುವ ಟಿಎಂಟಿ ಕಂಬಿಯಲ್ಲಿ ಇಂಗಾಲ 0.3 ಶೇಕಡಾದ ಒಳಗೇ ಇರುತ್ತದೆ. ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಹರಿತ ನಿಲ್ಲುವುದಿಲ್ಲ. ನಮ್ಮ ಲಾರಿ ಪ್ಲೇಟುಗಳು ಸಾಮಾನ್ಯವಾಗಿ 55ಎಸ್‌ಐ7, ಇಎನ್ 45, ಇಲ್ಲವೇ 50ಸಿಆರ್‌ವಿ4 ಜಾತಿಯವು. ಇಂಗಾಲ 0.5ರಿಂದ 0.6 ಶೇಕಡಾ. ಒಳ್ಳೇ ಅರದಲ್ಲಿ 1 ಶೇಕಡಾ ಅಥವಾ ಇನ್ನೂ ಸ್ವಲ್ಪ ಜಾಸ್ತಿ. ಬೇರಿಂಗಿನಲ್ಲಿ, ಅಂದರೆ ಇಎನ್ 31ರಲ್ಲಿ, 1 ಶೇಕಡಾ ಇಂಗಾಲದ ಜೊತೆ ಸುಮಾರು ಒಂದೂವರೆ ಕ್ರೋಮಿಯಂ ಇರುತ್ತದೆ. ಅದನ್ನು ಚಪ್ಪಟೆ ಮಾಡಲು ಮತ್ತೆ ಕುಲುಮೆಯೇ ಬೇಕು.

ಕಿಡಿ ನೋಡಿಯೂ ಅಂದಾಜು ಸಿಗುತ್ತದೆ. ಸ್ವಲ್ಪ ಕತ್ತಲಿರುವ ಕಡೆ ಗ್ರೈಂಡರಿಗೆ ಮೆಲ್ಲಗೆ ತಾಗಿಸಿ. ಮೈಲ್ಡ್ ಸ್ಟೀಲ್ ಆದರೆ ಕಿಡಿ ಉದ್ದ ಗೆರೆಯಾಗಿ ಹೋಗುತ್ತದೆ. ಅರದ ಕಿಡಿ ಗಿಡ್ಡ. ತುದಿಯಲ್ಲಿ ಕವಲೊಡೆದು ಪಟಪಟ ಸಿಡಿಯುತ್ತದೆ. ಹೈ ಸ್ಪೀಡ್ ಸ್ಟೀಲಿನದು ಮಂಕು ಕೆಂಪು, ಹೆಚ್ಚು ಸಿಡಿಯುವುದಿಲ್ಲ. ಗೊತ್ತಿರುವ ಕಬ್ಬಿಣದ ತುಂಡೊಂದನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ನೋಡಿ. ಬರೀ ನೆನಪಿನ ಮೇಲೆ ಹೇಳಲು ಹೋಗಬೇಡಿ.

ಘಟ್ಟದ_ಕೆಳಗೆ

ಅರದ ಚಾಕು ಬೇಡವೇ ಬೇಡ ಮಾರಾಯ್ರೆ. ಕೈತಪ್ಪಿ ಕಲ್ಲಿನ ಮೇಲೆ ಬಿದ್ದರೆ ಎರಡು ತುಂಡು. ನಮ್ಮ ಕುಮಟಾದಲ್ಲಿ ತೆಂಗಿನಕಾಯಿ ಸುಲಿಯುವ, ಸೌದೆ ಸೀಳುವ ಕತ್ತಿ ಯಾವುದೂ ಅರದ್ದಲ್ಲ. ಪ್ಲೇಟಿನದು ಡೊಂಕಾದರೂ ಮುರಿಯುವುದಿಲ್ಲ. ಡೊಂಕು ತಟ್ಟಿದರೆ ಸರಿಹೋಗುತ್ತದೆ. ಮುರಿದದ್ದನ್ನು ಏನು ಮಾಡುತ್ತೀರಿ?

ಪೀಣ್ಯ_ಸೆಕೆಂಡ್_ಶಿಫ್ಟ್

@ಘಟ್ಟದ_ಕೆಳಗೆ ನೀವು ಹೇಳುವುದು ಕತ್ತಿಯ ಮಾತು. ಅವರು ಮಾಡುತ್ತಿರುವುದು ಬೀನ್ಸ್ ಹೆಚ್ಚುವ ಚಾಕು. ಪೆಟ್ಟು ತಿನ್ನುವ ಆಯುಧಕ್ಕೆ ಪ್ಲೇಟ್ ಸರಿ, ಒಪ್ಪಿದೆ. ತೆಳು ಬಾಯಿ ಹರಿತ ಹಿಡಿದು ನಿಲ್ಲಬೇಕು ಅಂದರೆ ಅರದ ಉಕ್ಕೇ ಮೇಲು.

ಅರ ಮುರಿಯುವುದು ಅದು ಅಂಗಡಿಯಿಂದ ಬಂದ ಗಡಸಿನಲ್ಲೇ ಇದ್ದರೆ. ಗಡಸು ಅಳೆಯುವ ಎಚ್‌ಆರ್‌ಸಿ ಲೆಕ್ಕದಲ್ಲಿ 62ರಿಂದ 65 ಇರುತ್ತದೆ, ಗಾಜಿನ ಸ್ವಭಾವ. ಹಲ್ಲು ಉಜ್ಜಿ ತೆಗೆದು ಹಾಗೇ ಹಿಡಿ ಹಾಕಿದವರ ಚಾಕು ನೀವು ನೋಡಿರಬೇಕು. ಅದಕ್ಕೆ ಹದ ಇಳಿಸಬೇಕು, ಅಂದರೆ ಹದವಾಗಿ ಕಾಯಿಸಿ ಗಡಸು ಸ್ವಲ್ಪ ತಗ್ಗಿಸಬೇಕು. ಇದಕ್ಕೆ ಕುಲುಮೆ ಬೇಡ, ಮನೆಯ ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್, ಸಾಕು. ಹೊಸಬರಿಗೆ ಅರ ಹೇಳುವುದು ಇದೇ ಕಾರಣಕ್ಕೆ. ಗಟ್ಟಿ ಮಾಡುವ ಕಷ್ಟದ ಕೆಲಸವನ್ನು ಕಾರ್ಖಾನೆಯವರು ಮೊದಲೇ ಸರಿಯಾಗಿ ಮಾಡಿಕೊಟ್ಟಿದ್ದಾರೆ. ನೀವು ಸ್ವಲ್ಪ ಇಳಿಸಿದರೆ ಆಯಿತು.

ಹೊಸಬ_ತುಮಕೂರು

ಓಟಿಜಿ ಇದೆ, ಆದರೆ ಅದು ಅಮ್ಮನದು. ಎಷ್ಟು ಡಿಗ್ರಿ, ಎಷ್ಟು ಹೊತ್ತು ಅಂತ ಬಿಡಿಸಿ ಹೇಳಿ ಸರ್. ಅಮ್ಮ ಇಲ್ಲದ ದಿನ ನೋಡಿ ಮಾಡಬೇಕು.

ಪೀಣ್ಯ_ಸೆಕೆಂಡ್_ಶಿಫ್ಟ್

ಕೆಲವು ಅಗ್ಗದ ಅರಗಳಲ್ಲಿ ಮೇಲಿನ ತೊಗಲು ಮಾತ್ರ ಗಟ್ಟಿ, ಒಳಗೆ ಮೆತ್ತಗಿನ ಕಬ್ಬಿಣ. ಅದನ್ನು ಮೊದಲು ಪತ್ತೆ ಮಾಡಿ. ಅರವನ್ನು ವೈಸಿಗೆ ಕಚ್ಚಿಸಿ, ತುದಿ ಒಂದಿಂಚು ಹೊರಗಿರಲಿ. ದಪ್ಪ ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು, ಸುತ್ತಿಗೆಯಲ್ಲಿ ಒಂದೇಟು. ಟಪ್ ಅಂತ ಮುರಿದು, ಒಳಗಿನ ತನಕ ಒಂದೇ ಸಮ ನುಣುಪು ಬೂದು ಬಣ್ಣ ಕಂಡರೆ ಒಳ್ಳೇ ಅರ. ಮುರಿಯದೆ ಬಾಗಿದರೆ, ಇಲ್ಲವೇ ಅಂಚೊಂದು ಬಣ್ಣ ನಡುವೊಂದು ಬಣ್ಣ ಕಂಡರೆ ಗುಜರಿಗೆ ವಾಪಸ್.

ಆಮೇಲೆ ಎಣ್ಣೆ ಜಿಡ್ಡು ಪೂರ್ತಿ ತೊಳೆಯಿರಿ. ಜಿಡ್ಡು ಉಳಿದರೆ ಬಣ್ಣ ತಪ್ಪು ತೋರಿಸುತ್ತದೆ, ಓವನ್ನೂ ನಾರುತ್ತದೆ. ಒಂದು ಕಡೆ ಸ್ವಲ್ಪ ಜಾಗ ಉಜ್ಜಿ ಬೆಳ್ಳಗೆ ಮಾಡಿ. ಬಣ್ಣ ಕಾಣುವುದು ಅಲ್ಲೇ. ಟ್ರೇಯಲ್ಲಿ ಒಣಗಿದ ಮರಳು ಹಾಕಿ, ಅದರ ಮೇಲೆ ಅರ ಇಡಿ. ಓಟಿಜಿಯ ಕಾವು ಏರಿಳಿತ ಆಗುತ್ತಿರುತ್ತದೆ, ಮರಳು ಅದನ್ನು ಸಮ ಮಾಡುತ್ತದೆ. ಗುಂಡಿ ತೋರಿಸುವ ಡಿಗ್ರಿ ನಂಬಬೇಡಿ. ಒಳಗೆ ಇಡುವ ಥರ್ಮಾಮೀಟರ್ ಒಂದು ತನ್ನಿ. 200 ಡಿಗ್ರಿಯಲ್ಲಿ ಎರಡು ಗಂಟೆ. ಪೂರ್ತಿ ಆರಿಸಿ. ಮತ್ತೆ ಎರಡು ಗಂಟೆ. ಬೆಳ್ಳಗಿದ್ದ ಜಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗಿರಬೇಕು. ಇದು ಗಟ್ಟಿ ಕಡೆಯ ಹದ. ಬಾಯಿ ಮುಕ್ಕಾದರೆ ಆಮೇಲೆ 220, 230ಕ್ಕೆ ಏರಿಸಬಹುದು. ಒಮ್ಮೆ ಮೆತ್ತಗೆ ಮಾಡಿದರೆ ವಾಪಸ್ ಗಟ್ಟಿ ಮಾಡಲು ಕುಲುಮೆ ಬೇಕು. ಅದಕ್ಕೇ ಕೆಳಗಿನಿಂದ ಶುರು.

ಹಲ್ಲುಗಳನ್ನು ಪೂರ್ತಿ ಉಜ್ಜಿ ತೆಗೆಯಿರಿ. ಅಂದಕ್ಕೆ ಅಲ್ಲಲ್ಲಿ ಉಳಿಸಿಕೊಳ್ಳುವವರಿದ್ದಾರೆ. ಆದರೆ ಒಂದೊಂದು ಹಲ್ಲಿನ ಬುಡವೂ ಬಿರುಕು ಶುರುವಾಗುವ ಜಾಗ. ಕೊಳೆ ಕೂರುವುದು ಬೇರೆ.

ಈಳಿಗೆ_ಮಣೆ

ಅಮ್ಮನ ಓಟಿಜಿ ಕೇಳಿಯೇ ತಗೊಳ್ಳಿ ತಮ್ಮ. ಚಾಕು ಬಳಸುವವರು ಅವರೇ ತಾನೆ? ಆಕಾರದ ಬಗ್ಗೆಯೂ ಅವರನ್ನೇ ಕೇಳಿ. ಗಂಡಸರು ಮಾಡುವ ಮೊದಲ ಚಾಕು ಬೇಟೆಗೆ ಹೊರಟ ಹಾಗಿರುತ್ತದೆ. ಬೆನ್ನು ದಪ್ಪ, ತುದಿ ಚೂಪು, ಹಿಡಿ ಭಾರ. ಈರುಳ್ಳಿ ಹೆಚ್ಚಲು ಹೋದರೆ ಹೆಚ್ಚುವುದಿಲ್ಲ, ಸೀಳುತ್ತದೆ. ಮಣೆಗೆ ಬಾಯಿ ಪೂರ್ತಿ ತಾಗುವ ಹೊತ್ತಿಗೆ ಬೆರಳ ಗಂಟೂ ಮಣೆಗೆ ತಾಗುತ್ತದೆ. ಬಾಯಿಗೂ ಹಿಡಿಗೂ ನಡುವೆ ಬೆರಳು ಆಡುವಷ್ಟು ಇಳಿಜಾಗ ಇರಲಿ.

ಬಾಯಿ ಎಷ್ಟು ಹರಿತ ಅನ್ನುವುದಕ್ಕಿಂತ ಬಾಯಿಯ ಹಿಂದೆ ಎಷ್ಟು ತೆಳು ಅನ್ನುವುದು ಮುಖ್ಯ. ಕ್ಯಾರೆಟ್ ಕತ್ತರಿಸುವಾಗ ಟಪ್ಪಂತ ಒಡೆದರೆ ಹಿಂಭಾಗ ದಪ್ಪ ಅಂತಲೇ ಲೆಕ್ಕ. ಇನ್ನೂ ಉಜ್ಜಿ.

ಹೊಸಬ_ತುಮಕೂರು

ಮೇಡಂ, ಒಪ್ಪಿದೆ. ಅಮ್ಮನಿಗೆ ಹೇಳಿದೆ. ಓಟಿಜಿ ಕೊಡುತ್ತಾರಂತೆ, ಆಮೇಲೆ ತೊಳೆದು ಇಡಬೇಕಂತೆ.

ಇನ್ನೊಂದು ಡೌಟು. ಇಷ್ಟು ಗಟ್ಟಿ ಅರವನ್ನು ಗ್ರೈಂಡರಿನಲ್ಲಿ ಉಜ್ಜುವಾಗ ನೀಲಿ ಆಗುತ್ತದೆ ಅನ್ನುತ್ತಾರೆ. ಹಾಗಂದರೆ ಏನು? ತೂತು ಹೇಗೆ ಕೊರೆಯುವುದು?

ಪೀಣ್ಯ_ಸೆಕೆಂಡ್_ಶಿಫ್ಟ್

ನೀಲಿ ಅಂದರೆ ಆ ಜಾಗ 300 ಡಿಗ್ರಿ ಆಸುಪಾಸು ಮುಟ್ಟಿತು ಅಂತ. ಅಲ್ಲಿ ಹದ ಹೋಯಿತು. ಮೇಲಿನ ಬಣ್ಣ ಉಜ್ಜಿ ತೆಗೆದರೂ ಹೋದ ಗಡಸು ಬರುವುದಿಲ್ಲ. ಕೈಗವಸು ಹಾಕದೆ ಬರಿಗೈಯಲ್ಲಿ ಹಿಡಿದು ಉಜ್ಜಿ. ಕೈಗೆ ಬಿಸಿ ಅನ್ನಿಸಿದ ಕೂಡಲೇ ಪಕ್ಕದ ಬಕೆಟ್ಟಿನ ನೀರಿಗೆ ಅದ್ದಿ. ಬಾಯಿ ತೆಳುವಾಗುತ್ತಾ ಬಂದ ಹಾಗೆ ಕಾವು ಬೇಗ ಏರುತ್ತದೆ. ಕೊನೆಯ ಹಂತ ಗ್ರೈಂಡರಿನಲ್ಲಿ ಬೇಡ. ಮರದ ತುಂಡಿಗೆ ಎಮರಿ ಪೇಪರ್ ಸುತ್ತಿ ಕೈಯಲ್ಲೇ ಮಾಡಿ. ಬೇಜಾರಿನ ಕೆಲಸ, ಆದರೆ ಚಾಕು ಉಳಿಯುತ್ತದೆ. ಬರಿಗೈ ಅಂದಿದ್ದು ಚಾಕುವನ್ನು ಕೈಯಲ್ಲಿ ಹಿಡಿದು ಬೆಲ್ಟಿಗೋ ಕಲ್ಲಿಗೋ ಕೊಡುವಾಗ. ನಾಲ್ಕಿಂಚಿನ ಗ್ರೈಂಡರ್ ಆದರೆ ಚಾಕುವನ್ನು ಹಲಗೆಗೆ ಕ್ಲ್ಯಾಂಪ್ ಮಾಡಿ, ಗ್ರೈಂಡರನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಒಂದೆರಡು ಸಲ ಎಳೆದು, ನಿಲ್ಲಿಸಿ, ಬೆರಳು ಇಟ್ಟು ನೋಡಿ, ಒದ್ದೆ ಬಟ್ಟೆ ಹಾಕಿ.

ತೂತಿನ ಚಿಂತೆ ಬೇಡ. ಅರದ ಬಾಲವನ್ನು, ಅಂದರೆ ಹಿಡಿಯೊಳಗೆ ಹೋಗುವ ಚೂಪು ಭಾಗವನ್ನು, ಕಾರ್ಖಾನೆಯಲ್ಲೇ ಮೆತ್ತಗೆ ಬಿಟ್ಟಿರುತ್ತಾರೆ. ಮಾಮೂಲಿ ಡ್ರಿಲ್ ಬಿಟ್ ಇಳಿಯುತ್ತದೆ.

ವೆಲ್ಡಿಂಗ್_ಶೆಡ್

ಗ್ರೈಂಡರಿನ ಮಾತು ಬಂತಲ್ಲ, ಅದಕ್ಕೇ ಹೇಳುತ್ತೇನೆ. ಕಟಿಂಗ್ ಡಿಸ್ಕಿನ ಮಗ್ಗುಲಲ್ಲಿ ಉಜ್ಜಬೇಡಿ. ತೆಳು ಡಿಸ್ಕು ಅಡ್ಡ ಒತ್ತಡಕ್ಕೆ ಸಿಡಿಯುತ್ತದೆ, ಚೂರು ಮುಖಕ್ಕೇ ಬರುತ್ತದೆ. ಉಜ್ಜಲು ಫ್ಲ್ಯಾಪ್ ಡಿಸ್ಕ್ ಬೇರೆ ಸಿಗುತ್ತದೆ. ಗಾರ್ಡ್ ಬಿಚ್ಚಿ ಇಡುವ ಚಾಳಿ ನಮ್ಮ ಕಡೆ ಎಲ್ಲರಿಗೂ ಇದೆ. ನಿಮಗೆ ಬೇಡ. ಲುಂಗಿ, ಮಫ್ಲರ್, ಟವೆಲ್ ಯಾವುದೂ ಹತ್ತಿರ ಬರಬಾರದು. ಕನ್ನಡಕ, ಮಾಸ್ಕ್ ಎರಡೂ ಹಾಕಿ. ಆ ಕಪ್ಪು ಪುಡಿ ಮೂಗಿಗೆ ಹೋದರೆ ರಾತ್ರಿ ಗೊತ್ತಾಗುತ್ತದೆ.

ಒಂದು ವೇಳೆ ಇದ್ದಿಲ ಒಲೆ ಕಟ್ಟುವ ಮನಸ್ಸಾದರೆ, ಗಾಳಿ ಊದಲು ಸತು ಲೇಪಿಸಿದ ಜಿಐ ಪೈಪ್ ಹಾಕಬೇಡಿ. ಕಾದರೆ ಸತುವಿನ ಬಿಳಿ ಹೊಗೆ ಬರುತ್ತದೆ. ಕುಡಿದವರಿಗೆ ರಾತ್ರಿ ಚಳಿಜ್ವರ.

ಹಳ್ಳಿ_ಇಂಜಿನಿಯರ್

ಪವರ್ ಹ್ಯಾಕ್ಸಾ ಬ್ಲೇಡ್, ಅಂದರೆ ಕಬ್ಬಿಣ ಕೊಯ್ಯುವ ಮಿಷನ್ನಿನ ಗರಗಸ, ಯಾರೂ ಹೇಳಲಿಲ್ಲವಲ್ಲ? ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯದು ಸಿಗುತ್ತದೆ. ಸುಮಾರು 2 ಮಿಲಿಮೀಟರ್ ದಪ್ಪ, ಚಾಕುವಿಗೆ ಹೇಳಿ ಮಾಡಿಸಿದ ಹಾಗೆ. ಹದವೂ ಬೇಡ, ಓವನ್ನೂ ಬೇಡ.

ಪೀಣ್ಯ_ಸೆಕೆಂಡ್_ಶಿಫ್ಟ್

ಒಳ್ಳೆಯ ಮಾತು. ಪೂರ್ತಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಆಗಿದ್ದರೆ ಉಜ್ಜುವಾಗ ನೀಲಿ ಆದರೂ ಚಿಂತೆ ಇಲ್ಲ. 500 ಡಿಗ್ರಿ ದಾಟಿದರೂ ಅದರ ಗಡಸು ಇಳಿಯುವುದಿಲ್ಲ. ಆದರೆ ಬೈಮೆಟಲ್ ಬ್ಲೇಡ್ ಆದರೆ ಹಲ್ಲಿನ ಅಂಚು ಮಾತ್ರ ಗಟ್ಟಿ, ಮೈ ಮೆತ್ತಗಿನ ಸ್ಪ್ರಿಂಗ್ ಉಕ್ಕು. ಹಲ್ಲು ಉಜ್ಜಿ ತೆಗೆದರೆ ಒಳ್ಳೆಯ ಭಾಗವೇ ಹೋಯಿತು. ಬ್ಲೇಡಿನ ಮೇಲೆ ಬರೆದಿರುವುದನ್ನು ಓದಿ ತಗೊಳ್ಳಿ. ತೂತು ಕೊರೆಯಲು ಕಾರ್ಬೈಡ್ ಬಿಟ್ ಬೇಕು. ಪೂರ್ತಿ ಎಚ್‌ಎಸ್‌ಎಸ್ ಬಗ್ಗಿಸಿದರೆ ಚೂರು ಹಾರುತ್ತದೆ, ಹುಷಾರು.

ಹೊಸಬ_ತುಮಕೂರು

ಅರ ಅಂತ ತೀರ್ಮಾನ ಆಯಿತು. ಆದರೂ ಪ್ಲೇಟ್ ನೋಡಿದರೆ ಆಸೆ ಹೋಗುತ್ತಿಲ್ಲ. ಅದಕ್ಕೆ ಹದ ಹಾಕುವುದು, ಅಂದರೆ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡುವುದು, ಹೇಗೆ ಅಂತ ತಿಳಿದಿರಲಿ. ಹಳೇ ಎಂಜಿನ್ ಆಯಿಲ್ ಸಾಕಲ್ಲವಾ?

ಪೀಣ್ಯ_ಸೆಕೆಂಡ್_ಶಿಫ್ಟ್

ಎಂಜಿನ್ ಆಯಿಲ್ ಬೇಡ. ಅದರಲ್ಲಿ ಸವೆದ ಲೋಹದ ಪುಡಿ, ಏನೇನೋ ರಾಸಾಯನಿಕ ಇರುತ್ತದೆ. ಕೆಂಪಗೆ ಕಾದ ಉಕ್ಕು ಅದ್ದಿದಾಗ ಬರುವ ಹೊಗೆ ಒಳ್ಳೆಯದಲ್ಲ. ಅಡುಗೆ ಚಾಕುವಿಗಂತೂ ಬೇಡವೇ ಬೇಡ. ಕಡಲೆಕಾಯಿ ಎಣ್ಣೆ ಸಾಕು. ಸುಮಾರು 50 ಡಿಗ್ರಿಗೆ ಬೆಚ್ಚಗೆ ಮಾಡಿ. ತಣ್ಣಗಿದ್ದರೆ ಎಣ್ಣೆ ಮಂದ, ಕಾವು ಬೇಗ ಎಳೆಯುವುದಿಲ್ಲ. ಆಳದ ಕಬ್ಬಿಣದ ಪಾತ್ರೆ ಇರಲಿ, ಮುಚ್ಚಲು ಕಬ್ಬಿಣದ್ದೇ ಮುಚ್ಚಳ ಪಕ್ಕದಲ್ಲಿರಲಿ. ಪ್ಲಾಸ್ಟಿಕ್ ಬಕೆಟ್ ಹತ್ತಿರವೂ ಬೇಡ. ಎಣ್ಣೆ ಹೊತ್ತಿದರೆ ನೀರು ಹಾಕಬೇಡಿ.

ಕಾವು ತಿಳಿಯಲು ಅಯಸ್ಕಾಂತ ಇಟ್ಟುಕೊಳ್ಳಿ. 770 ಡಿಗ್ರಿ ಹತ್ತಿರ ಉಕ್ಕು ಅಯಸ್ಕಾಂತಕ್ಕೆ ಅಂಟುವುದು ನಿಲ್ಲಿಸುತ್ತದೆ. ಪ್ಲೇಟಿನ ಉಕ್ಕಿಗೆ ಇನ್ನೂ ಸ್ವಲ್ಪ ಬೇಕು, 830ರಿಂದ 860. ಜಾಸ್ತಿ ಕಾಯಿಸಿದರೆ ಒಳಗಿನ ಹರಳು ದಪ್ಪವಾಗುತ್ತದೆ. ಮೊದಲು ಸಣ್ಣ ಚೂರು ಕತ್ತರಿಸಿ ಕಾಯಿಸಿ, ಅದ್ದಿ, ಮುರಿದು ನೋಡಿ. ನುಣುಪು ಬೂದು ಇದ್ದರೆ ಸರಿ. ಸಕ್ಕರೆಯಂತೆ ಮಿಣಮಿಣ ಹೊಳೆದರೆ ಕಾವು ಜಾಸ್ತಿ ಆಗಿದೆ.

ಪ್ಲೇಟಿಗೆ ಇನ್ನೊಂದು ಪರೀಕ್ಷೆ ಇದೆ. ಲಾರಿಯಿಂದ ಕಳಚಿದ್ದೇ ಎಲ್ಲೋ ಕಟ್ ಆಗಿದೆ ಅಂತ. ಕಣ್ಣಿಗೆ ಕಾಣದ ಬಿರುಕು ಪಕ್ಕದಲ್ಲೇ ಇರಬಹುದು. ತುಕ್ಕು ಉಜ್ಜಿ ಸೀಮೆಎಣ್ಣೆ ಸವರಿ. ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಚಾಕ್‌ಪೀಸ್ ಉಜ್ಜಿ. ಬಿರುಕಿದ್ದರೆ ಒಳಗೆ ಹೊಕ್ಕ ಎಣ್ಣೆ ಹೊರಬಂದು ಬಿಳಿಯ ಮೇಲೆ ಕೂದಲೆಳೆಯಷ್ಟು ಗೆರೆ ಮೂಡುತ್ತದೆ. ಆ ತುಂಡು ಬೇಡ.

ಕುಲುಮೆ_ಮನೆ

ನಮ್ಮಪ್ಪನಿಗೆ ಡಿಗ್ರಿ ಗೊತ್ತಿಲ್ಲ, ಅಯಸ್ಕಾಂತವೂ ಇಲ್ಲ. ಕುಲುಮೆಯ ಮಾಡು ತಗ್ಗಿನಲ್ಲಿದೆ, ಒಳಗೆ ಯಾವಾಗಲೂ ಕತ್ತಲು. ಬಿಸಿಲಿನಲ್ಲಿ ಕಾವಿನ ಬಣ್ಣ ತಿಳಿಯುವುದಿಲ್ಲ ಅಂತಲೇ ಹಾಗೆ ಕಟ್ಟಿದ್ದು.

ಹದ ಹಾಕುವಾಗ ಅಪ್ಪ ಕತ್ತಿ ಪೂರ್ತಿ ಅದ್ದುವುದಿಲ್ಲ. ಬಾಯಿ ಕಡೆ ಬೆರಳಗಲ ಮಾತ್ರ ನೀರಿಗೆ ತಾಗಿಸುತ್ತಾರೆ. ಚುಂಯ್ ಅನ್ನುತ್ತದೆ. ಕೂಡಲೇ ಎತ್ತಿ ಇಟ್ಟಿಗೆ ಚೂರಿನಲ್ಲಿ ಬಾಯಿಯನ್ನು ಗಸಗಸ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಬೆನ್ನಿನಲ್ಲಿ ಇನ್ನೂ ಕಾವು ಉಳಿದಿರುತ್ತದಲ್ಲ, ಅದು ಮೆಲ್ಲಗೆ ಬಾಯಿ ಕಡೆಗೆ ಇಳಿಯುತ್ತದೆ. ಜೊತೆಗೆ ಬಣ್ಣ ಇಳಿಯುತ್ತದೆ. ಮೊದಲು ಒಣಹುಲ್ಲು, ಹಿಂದೆಯೇ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಒಂದರ ಹಿಂದೆ ಒಂದು ಪಟ್ಟೆಯಾಗಿ ಸರಿಯುತ್ತವೆ. ಆಗ ಯಾರಾದರೂ ಮಾತಾಡಿಸಿದರೆ ಬೈಗುಳ ಗ್ಯಾರಂಟಿ. ಸೌದೆ ಕತ್ತಿಗೆ ನೇರಳೆ ಬಾಯಿ ಮುಟ್ಟುವ ತನಕ ಕಾಯುತ್ತಾರೆ. ಹುಲ್ಲು ಕೊಯ್ಯುವ ಕುಡುಗೋಲಿಗೆ ಕಂದಿಗೇ ನಿಲ್ಲಿಸಿ ನೀರಿಗೆ ಬಿಡುತ್ತಾರೆ. ಬೆನ್ನು ಮೆತ್ತಗೆ, ಬಾಯಿ ಗಟ್ಟಿ. @ಘಟ್ಟದ_ಕೆಳಗೆ ನಿಮ್ಮ ಕತ್ತಿ ಡೊಂಕಾದರೂ ಮುರಿಯದಿರುವುದು ಇದಕ್ಕೇ.

ಆದರೆ ನೀರಿನ ಹದ ಹೊಸಬರಿಗಲ್ಲ. ಪ್ಲೇಟಿನ ಉಕ್ಕನ್ನು ಪೂರ್ತಿ ನೀರಿಗೆ ಹಾಕಿದರೆ ಟಿಣ್ ಅಂತ ಸದ್ದು ಬರುತ್ತದೆ. ಆ ಸದ್ದು ಬಂದರೆ ಬಿರುಕು ಬಿಟ್ಟಿತು ಅಂತಲೇ.

ಘಟ್ಟದ_ಕೆಳಗೆ

ಹೌದು ಹೌದು, ನಮ್ಮ ಆಚಾರ್ರೂ ಹೀಗೇ ಮಾಡುವುದು. ಅರದ ಬಗ್ಗೆ ನನ್ನ ಮಾತು ಅರ್ಧ ವಾಪಸ್. ಓವನ್ನಿನಲ್ಲಿ ಬೇಯಿಸಿದ ಅರದ ಚಾಕು ನಾನು ನೋಡಿಲ್ಲ. ಆದರೂ ಕಾಯಿ ಒಡೆಯಲು ಕೊಡುವುದಿಲ್ಲ.

ಇತಿಹಾಸ_ಪ್ರಿಯ

ನಮ್ಮ ಕಡೆಯ ಹಳೇ ಉಕ್ಕಿನ ಚಾಕು ಮಾಡಲಾಗುವುದಿಲ್ಲವೇ? ಜಗತ್ತಿಗೇ ಹೋಗುತ್ತಿತ್ತಂತೆ.

ಪೀಣ್ಯ_ಸೆಕೆಂಡ್_ಶಿಫ್ಟ್

ಅದು ಮೂಸೆಯಲ್ಲಿ, ಅಂದರೆ ಲೋಹ ಕಾಯಿಸುವ ಕುಡಿಕೆಯಲ್ಲಿ, ಮಾಡುತ್ತಿದ್ದ ಉಕ್ಕು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಅದರ ಕೆಲಸ ನೋಡಿ ಬರೆದಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಇಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಕಡ್ಡಿ, ಎಲೆಯಿಂದ ಇಂಗಾಲ ಸಿಗುತ್ತಿತ್ತು. ಅದನ್ನು ತಟ್ಟುವುದು ಪಳಗಿದವರಿಗೂ ಕಷ್ಟ. ಲಾರಿ ಪ್ಲೇಟಿಗೆ ಆಸಿಡ್ ಹಚ್ಚಿ ಗೆರೆ ಮೂಡಿಸಿ "ಪುರಾತನ ಉಕ್ಕು" ಅಂತ ಮಾರುವವರಿದ್ದಾರೆ. ದುಡ್ಡು ಹಾಕಬೇಡಿ. ಅದಕ್ಕೆ ಬೇರೆಯೇ ಥ್ರೆಡ್ ತೆಗೆಯಿರಿ ಸರ್.

ಮರಗೆಲಸ_ಹಾಸನ

ಹಿಡಿಗೆ ಬೀಟೆ ಹುಡುಕಬೇಡಿ. ದುಬಾರಿ, ಕಾನೂನಿನ ತಲೆನೋವು ಬೇರೆ. ಕಾಫಿ ಗಿಡದ ಹಳೇ ಕಾಂಡ ಚೆನ್ನಾಗಿರುತ್ತದೆ. ಹುಣಸೆ, ಹಲಸು ಕೂಡ ಸರಿ. ಪೂರ್ತಿ ಒಣಗಿರಬೇಕು ಅಷ್ಟೇ. ಹಸಿ ಮರ ಹಾಕಿದರೆ ಬೇಸಿಗೆಯಲ್ಲಿ ಹಿಡಿ ಅಲ್ಲಾಡುತ್ತದೆ. ಹಳೇ ಪದ್ಧತಿ ಅಂದರೆ ತೂತಿಗೆ ಅರಗು ತುಂಬಿ, ಬಾಲವನ್ನು ಕಾಯಿಸಿ ಒತ್ತುವುದು. ಹಾಗೆ ಮಾಡುವಾಗ ಬ್ಲೇಡಿಗೆ ಒದ್ದೆ ಬಟ್ಟೆ ಸುತ್ತಿ. ಇಲ್ಲದಿದ್ದರೆ ಕಾವು ಬಾಯಿಗೆ ಹೋಗುತ್ತದೆ. ಮೊದಲ ಸಲಕ್ಕೆ ಎಪಾಕ್ಸಿ, ಎರಡು ಹಿತ್ತಾಳೆ ಪಿನ್ ಸಾಕು.

ಈಳಿಗೆ_ಮಣೆ

ಇದು ಸ್ಟೇನ್‌ಲೆಸ್ ಸ್ಟೀಲ್ ಚಾಕು ಅಲ್ಲ ಅಂತ ಮನೆಯವರಿಗೆ ಹೇಳಿಡಿ. ಮಾವಿನಕಾಯಿ, ನಿಂಬೆಹಣ್ಣು ಹೆಚ್ಚಿ ಹಾಗೇ ಸಿಂಕಿನಲ್ಲಿ ಬಿಟ್ಟರೆ ಬೆಳಗ್ಗೆಗೆ ತುಕ್ಕು. ತೊಳೆದ ಕೂಡಲೇ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ದಿನ ಕಳೆದಂತೆ ಬೂದು, ನೀಲಿ ಕಲೆ ಕೂರುತ್ತದೆ. ಅದು ತುಕ್ಕಲ್ಲ, ಉಜ್ಜಿ ತೆಗೆಯಲು ಹೋಗಬೇಡಿ. ಕಿತ್ತಳೆ ಬಣ್ಣದ ಪುಡಿ ಬಂದರೆ ಮಾತ್ರ ತುಕ್ಕು.

ಹಳ್ಳಿ_ಇಂಜಿನಿಯರ್

ಮನೆಯಲ್ಲಿ ಚಾಕು ಮಾಡಿದರೆ ಪೊಲೀಸ್ ಕಿರಿಕಿರಿ ಏನೂ ಇಲ್ಲ ತಾನೆ?

ಪೀಣ್ಯ_ಸೆಕೆಂಡ್_ಶಿಫ್ಟ್

ಶಸ್ತ್ರಾಸ್ತ್ರ ನಿಯಮಗಳಲ್ಲಿ ಬ್ಲೇಡು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಂತ ಇದೆ. ಮನೆ, ಕೃಷಿ, ಕೈಗಾರಿಕೆ ಕೆಲಸಕ್ಕೆ ಮಾಡಿದವು ಅದರಿಂದ ಹೊರಗೆ. ತರಕಾರಿ ಚಾಕುವಿಗೆ ಏನೂ ಇಲ್ಲ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಬೇಡಿ ಅಷ್ಟೇ.

ಹೊಸಬ_ತುಮಕೂರು

ಸುದ್ದಿ ಕೊಡೋಣ ಅಂತ ಬಂದೆ. ಒಂದು ಅರ ಬಾಗಿತು, ಗುಜರಿಗೆ. ಇನ್ನೊಂದು ಟಪ್ ಅಂತ ಮುರಿಯಿತು, ಒಳಗೆ ನೀವು ಹೇಳಿದ ಬೂದು ಬಣ್ಣವೇ. ಓಟಿಜಿಯಲ್ಲಿ 200ರಲ್ಲಿ ಎರಡು ಸಲ ಬೇಯಿಸಿದೆ. ಒಣಹುಲ್ಲಿನ ಬಣ್ಣ ಬಂತು. ಉಜ್ಜಿ ಆಕಾರಕ್ಕೆ ತಂದಿದ್ದೇನೆ, ಬೆನ್ನು ಎರಡೂವರೆ ಮಿಲಿಮೀಟರ್ ಇದೆ. ಸಾಣೆಕಲ್ಲಿನಲ್ಲಿ ಒಂದೊಂದು ಕಡೆ 15 ಡಿಗ್ರಿ ಅಂದಾಜಿನಲ್ಲಿ ಬಾಯಿ ಕಟ್ಟಿದೆ. ಪೇಪರ್ ಸುಯ್ ಅಂತ ಕತ್ತರಿಸುತ್ತದೆ. ಟೊಮೆಟೊ ಕೂಡ. ಆದರೆ ಒಣಗಿದ ಕುಂಬಳಕಾಯಿಯ ಸಿಪ್ಪೆಗೆ ಹಾಕಿದಾಗ ಬಾಯಲ್ಲಿ ಕೂದಲಷ್ಟು ಸಣ್ಣ ಮುಕ್ಕು ಬಂತು. ಬೆಳಕಿಗೆ ಹಿಡಿದರೆ ಮಿನುಗುತ್ತದೆ. ಏನು ಮಾಡಲಿ?

ಪೀಣ್ಯ_ಸೆಕೆಂಡ್_ಶಿಫ್ಟ್

ಹಿಡಿ ಕೂರಿಸಿಲ್ಲ ತಾನೆ? ಹಾಗಿದ್ದರೆ ಏನೂ ತೊಂದರೆ ಇಲ್ಲ. 225ರಲ್ಲಿ ಇನ್ನೊಮ್ಮೆ ಎರಡು ಗಂಟೆ ಇಡಿ. ಕಲ್ಲಿನಲ್ಲಿ ಮುಕ್ಕು ಹೋಗುವ ತನಕ ಉಜ್ಜಿ. ಆಮೇಲೆ ಒಂದು ಹಿತ್ತಾಳೆ ಸಲಾಕೆಯನ್ನು ವೈಸಿಗೆ ಕಚ್ಚಿಸಿ, ಬಾಯಿಯನ್ನು ಅದರ ಮೇಲೆ ಓರೆಯಾಗಿ ಇಟ್ಟು ಸ್ವಲ್ಪ ಒತ್ತಿ ಎಳೆಯಿರಿ. ಬೆಳಕಿನಲ್ಲಿ ನೋಡಿದರೆ ಬಾಯಿ ಸಣ್ಣಗೆ ಬಾಗುವುದು ಕಾಣುತ್ತದೆ. ಬಿಟ್ಟ ಕೂಡಲೇ ವಾಪಸ್ ನೆಟ್ಟಗಾದರೆ ಹದ ಸರಿ. ಚೂರು ಎದ್ದರೆ ಇನ್ನೂ 10 ಡಿಗ್ರಿ ಏರಿಸಿ. ಬಾಗಿದ್ದು ಬಾಗಿದ ಹಾಗೇ ಉಳಿದರೆ ಜಾಸ್ತಿ ಇಳಿಸಿಬಿಟ್ಟಿರಿ ಅಂತ.

ಇದು ಸರಿಹೋಗುವ ತನಕ ಎಪಾಕ್ಸಿ ಡಬ್ಬಿ ತೆರೆಯಬೇಡಿ.

ಈಳಿಗೆ_ಮಣೆ

ಸರಿಹೋದ ಮೇಲೂ ಕುಂಬಳಕಾಯಿಗೆ ಬೇರೆ ಕತ್ತಿ ಇಟ್ಟುಕೊಳ್ಳಿ ತಮ್ಮ.